ಕಡಿಮೆ ಬೆಲೆಯ ವೇಪ್ ತಗೊಳ್ಳುವ ಮುಂಚೆ ನನಗಾದದ್ದನ್ನು ಓದಿ

ಸಿಗರೇಟ್ ಬಿಡಬೇಕು ಅಂತ ಮನಸ್ಸು ಮಾಡಿ, ಮೊದಲ ಸಲಕ್ಕೆ ಯಾವ ವೇಪ್ (ನಿಕೋಟಿನ್ ದ್ರವವನ್ನು ಆವಿ ಮಾಡಿ ಎಳೆಯುವ ಇ-ಸಿಗರೇಟ್) ತಗೊಳ್ಳಲಿ, ಎರಡು ಸಾವಿರದೊಳಗೆ ಯಾವುದು ಸಿಗುತ್ತದೆ ಎಂದು ಹುಡುಕುತ್ತಿದ್ದೀರಾ? ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಏಳು ತಿಂಗಳ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ದುಡ್ಡು ಉಳಿಯುತ್ತಿತ್ತು, ಎರಡು ಸಲ ಆಸ್ಪತ್ರೆಗೆ ಓಡುವುದು ತಪ್ಪುತ್ತಿತ್ತು. ಅದರಲ್ಲಿ ಎರಡನೇ ಸಲ ಓಡಿದ್ದು ನನಗಾಗಿ ಅಲ್ಲ.

ನನ್ನ ಊರು ತಿಪಟೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಹನ್ನೆರಡು ವರ್ಷದಿಂದ ಸಿಗರೇಟ್ ಸೇದುತ್ತಿದ್ದೆ. ದಿನಕ್ಕೆ ಎಂಟು, ಕೆಲಸ ಜಾಸ್ತಿ ಇದ್ದ ದಿನ ಹನ್ನೆರಡು. ಮಗಳಿಗೆ ನಾಲ್ಕು ವರ್ಷ. ಒಂದು ಸಂಜೆ ಅವಳನ್ನು ಎತ್ತಿಕೊಂಡಾಗ ಮುಖ ಆ ಕಡೆ ತಿರುಗಿಸಿ "ಅಪ್ಪ, ವಾಸನೆ" ಅಂದಳು. ಅವತ್ತೇ ಬಿಡಬೇಕು ಎಂದು ತೀರ್ಮಾನ ಮಾಡಿದೆ.

ನನ್ನ ಬಾಮೈದ ಲಂಡನ್ನಿನಲ್ಲಿದ್ದಾನೆ. ಫೋನ್ ಮಾಡಿದಾಗ ವಿಷಯ ಹೇಳಿದೆ. "ಭಾವ, ಇಲ್ಲಿ ಸರ್ಕಾರದವರೇ ವೇಪ್ ತಗೊಳ್ಳಿ ಅಂತಾರೆ. ನಮ್ ಆಫೀಸಲ್ಲೇ ಇಬ್ರು ಹಾಗೆ ಸಿಗರೇಟ್ ಬಿಟ್ರು" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಸಿಗರೇಟ್ ಬಿಡುವವರಿಗೆ ಅದೂ ಒಂದು ದಾರಿ ಎಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಆದರೆ ಅಲ್ಲಿ ಅದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಒಂದು ಮಿಲಿಲೀಟರ್ ದ್ರವದಲ್ಲಿ ನಿಕೋಟಿನ್ 20 ಮಿಲಿಗ್ರಾಂ ದಾಟುವಂತಿಲ್ಲ. ನಿಕೋಟಿನ್ ಇರುವ ಬಾಟಲಿ 10 ಮಿಲಿಲೀಟರ್‌ಗಿಂತ ದೊಡ್ಡದಿರುವಂತಿಲ್ಲ. ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಬಾರದು. ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ಅಲ್ಲೂ ನಿಲ್ಲಿಸಿದ್ದಾರೆ. ನಾನು ಇದ್ಯಾವುದನ್ನೂ ಕೇಳಲಿಲ್ಲ. ಅಲ್ಲಿಯ ಸಲಹೆ ನಂಬಿ ಇಲ್ಲಿಯ ಮಾಲು ಕೊಂಡೆ. ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದು.

ಮೊದಲು ದುಡ್ಡು ಹೋದ ಕಥೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಸಿಕ್ಕಿತು. ಹೊಸಬರಿಗೆ ಕಿಟ್, 1,600 ರೂಪಾಯಿ, ಮನೆಗೇ ಬರುತ್ತದೆ ಎಂದಿತ್ತು. ಸಾವಿರಾರು ಫಾಲೋವರ್ಸ್ ಇದ್ದರು, ಕೆಳಗೆ ಎಲ್ಲರೂ ಹೊಗಳಿದ್ದರು. ಯುಪಿಐನಲ್ಲಿ ಹಣ ಹಾಕಿದೆ. ಎರಡು ದಿನ ಬಿಟ್ಟು ವಾಟ್ಸ್‌ಆಪ್‌ನಲ್ಲಿ ಮೆಸೇಜ್ ಬಂತು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಇನ್ನೂ 2,500 ಹಾಕಿ, ಇಲ್ಲದಿದ್ದರೆ ನಿಮ್ಮ ಹೆಸರು, ವಿಳಾಸ ಪೊಲೀಸರಿಗೆ ಹೋಗುತ್ತದೆ ಎಂದು. ಎದೆ ಧಸಕ್ ಅಂತು. ಹಣ ಹಾಕಲಿಲ್ಲ, ನಂಬರ್ ಬ್ಲಾಕ್ ಮಾಡಿದೆ. ಆನ್‌ಲೈನ್ ಮೋಸಕ್ಕೆ 1930 ಎಂಬ ಸಹಾಯವಾಣಿ ಇದೆ ಅಂತ ನನಗೆ ಗೊತ್ತಿತ್ತು. ಆದರೂ ಕರೆ ಮಾಡಲಿಲ್ಲ. ಏನು ಕೊಳ್ಳಲು ಹೋಗಿದ್ದಿರಿ ಎಂದು ಕೇಳಿದರೆ ಏನು ಹೇಳುವುದು? ಮೋಸ ಮಾಡುವವರಿಗೆ ಬೇಕಾಗಿರುವುದೂ ಇದೇ. ನಾವು ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನಮ್ಮ ದೇಶದಲ್ಲಿ ಇ-ಸಿಗರೇಟ್ ಪೂರ್ತಿ ನಿಷೇಧ. ಕರ್ನಾಟಕ 2016ರಲ್ಲೇ ಮಾರಾಟ ನಿಲ್ಲಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಸಾಗಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೂ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಬೀಳಬಹುದು. ವಿದೇಶದಿಂದ ತರಿಸಿಕೊಂಡರೆ ಅದು ಆಮದು ಆಗುತ್ತದೆ. ಅಂದರೆ ಇಲ್ಲಿ ಸಿಗುವ ಪ್ರತಿಯೊಂದು ವೇಪ್ ಕದ್ದುಮುಚ್ಚಿ ಬಂದದ್ದು. ಬಿಲ್ ಇಲ್ಲ, ವಾರಂಟಿ ಇಲ್ಲ, ಗ್ರಾಹಕರ ನ್ಯಾಯಾಲಯಕ್ಕೆ ಹೋಗುವ ದಾರಿಯೂ ಇಲ್ಲ. ಒಳಗೆ ಏನಿದೆ ಎಂದು ಪರೀಕ್ಷೆ ಮಾಡಿದವರು ಯಾರೂ ಇಲ್ಲ.

ಇಷ್ಟಾದ ಮೇಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಫೀಸಿನ ಗೆಳೆಯನೊಬ್ಬ ಒಂದು ಬೀಡಾ ಅಂಗಡಿ ತೋರಿಸಿದ. ಅಂಗಡಿಯವನು ಗುಟ್ಕಾ ಮಾಲೆಗಳ ಹಿಂದೆ ಕೈ ಹಾಕಿ ಗುಲಾಬಿ ಬಣ್ಣದ ಒಂದು ಡಬ್ಬಿ ತೆಗೆದ. "ಫಸ್ಟ್ ಟೈಮಾ ಸರ್? ಇದೇ ತಗೊಳಿ. ಆರು ಸಾವಿರ ಪಫ್. ಸಿಗರೇಟ್ ಲೆಕ್ಕ ಹಾಕಿದ್ರೆ ಪುಕ್ಸಟ್ಟೆ" ಎಂದ. 1,200 ಕೊಟ್ಟೆ. ಮಾವಿನ ಹಣ್ಣಿನ ಫ್ಲೇವರ್. ಡಬ್ಬಿಯ ಮೂಲೆಯಲ್ಲಿ ಸಣ್ಣದಾಗಿ 5% ಎಂದಿತ್ತು. ಐದು ಪರ್ಸೆಂಟ್ ಅಂದರೆ ಕಡಿಮೆ ಅಂತ ತಿಳಿದುಕೊಂಡೆ.

ದಯವಿಟ್ಟು ಈ ಲೆಕ್ಕ ಗಮನಿಸಿ. 5% ಅಂದರೆ ಒಂದು ಮಿಲಿಲೀಟರ್‌ಗೆ 50 ಮಿಲಿಗ್ರಾಂ ನಿಕೋಟಿನ್. ಬ್ರಿಟನ್ನಿನ ಮಿತಿಗಿಂತ ಎರಡೂವರೆ ಪಟ್ಟು. ಒಂದು ಸಿಗರೇಟ್ ಸೇದಿದರೆ ಮೈಗೆ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ. 10 ಮಿಲಿಲೀಟರ್ ತುಂಬಿದ ಡಬ್ಬಿಯಲ್ಲಿ 500 ಮಿಲಿಗ್ರಾಂ ಇರುತ್ತದೆ. ಅದೂ ಡಬ್ಬಿಯ ಮೇಲೆ ಬರೆದದ್ದು ನಿಜವಾಗಿದ್ದರೆ. ಇನ್ನೊಂದು ವಿಷಯ ಇದೆ. ಇವುಗಳಲ್ಲಿ ಹಾಕುವುದು ನಿಕೋಟಿನ್ ಸಾಲ್ಟ್, ಅಂದರೆ ಆಮ್ಲ ಬೆರೆಸಿದ ನಿಕೋಟಿನ್. ಹಾಗಾಗಿ ಸ್ಟ್ರಾಂಗ್ ಇದ್ದರೂ ಗಂಟಲು ಅಷ್ಟಾಗಿ ಉರಿಯುವುದಿಲ್ಲ. ಸಿಗರೇಟ್ ಸ್ಟ್ರಾಂಗ್ ಆದರೆ ಕೆಮ್ಮು ಬರುತ್ತದೆ, ನಾವೇ ನಿಲ್ಲಿಸುತ್ತೇವೆ. ಐದು ನಿಮಿಷಕ್ಕೆ ಅದು ಮುಗಿದೂ ಹೋಗುತ್ತದೆ. ವೇಪ್ ಮುಗಿಯುವುದೇ ಇಲ್ಲ.

ಮೂರನೇ ದಿನ ರಾತ್ರಿ ಊಟ ಮಾಡಿ ಕ್ರಿಕೆಟ್ ನೋಡುತ್ತಾ ಕೂತಿದ್ದೆ. ಕೈಯಲ್ಲಿ ವೇಪ್. ಎಷ್ಟು ಸಲ ಎಳೆದೆನೋ ಲೆಕ್ಕವಿಲ್ಲ, ಎರಡು ಗಂಟೆ ಹೊತ್ತು ಸುಮ್ನೆ ಎಳೆಯುತ್ತಲೇ ಇದ್ದೆ. ಮೊದಲು ಬಾಯಲ್ಲಿ ನೀರು ಬರತೊಡಗಿತು. ಆಮೇಲೆ ತಲೆ ಸುತ್ತಿತು. ಎದ್ದು ಬಚ್ಚಲಿಗೆ ಹೋಗುವಷ್ಟರಲ್ಲಿ ವಾಂತಿ. ಮೈಯೆಲ್ಲಾ ತಣ್ಣನೆ ಬೆವರು, ಎದೆ ಹೊರಗೆ ಕೇಳುವಂತೆ ಬಡಿದುಕೊಳ್ಳುತ್ತಿತ್ತು. "ರೀ, ಏನಾಯ್ತು? ಕೈ ಯಾಕೆ ಹೀಗೆ ಐಸ್ ಥರ ಆಗಿದೆ?" ಎಂದು ಹೆಂಡತಿ ಕೂಗಿದ್ದು ನೆನಪಿದೆ. ಹಾರ್ಟ್ ಅಟ್ಯಾಕ್ ಎಂದೇ ಇಬ್ಬರೂ ಅಂದುಕೊಂಡೆವು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ನಾನು ಗ್ಯಾಸ್ ಇರಬೇಕು ಎಂದೆ. ಡಾಕ್ಟರ್ ಮತ್ತೆ ಮತ್ತೆ ಕೇಳಿದ ಮೇಲೆ ಡಬ್ಬಿಯ ವಿಷಯ ಹೇಳಿದೆ. ನಿಕೋಟಿನ್ ಮೈಗೇರಿದೆ ಎಂದರು. ಬಿಲ್ 3,400.

ಇಲ್ಲಿಗೂ ನನಗೆ ಬುದ್ಧಿ ಬರಲಿಲ್ಲ ಎಂದು ಬರೆಯಲು ನೋವಾಗುತ್ತದೆ. ಅದೇ ಅಂಗಡಿಗೆ ಹೋಗಿ ಕೇಳಿದೆ. "ಅಯ್ಯೋ ಸರ್, ಅದು ನಿಮಗೆ ಹೆವಿ ಆಯ್ತು. ರೀಫಿಲ್ ತಗೊಳಿ, ಮೂರು ಮಿಲಿಗ್ರಾಂ ಜ್ಯೂಸ್ ಹಾಕೊಳಿ" ಎಂದ. ಒಂದು ಪಾಡ್ (ಮತ್ತೆ ಮತ್ತೆ ದ್ರವ ತುಂಬಿಸಿ ಬಳಸುವ ವೇಪ್), ಅದಕ್ಕೆ ತುಂಬಿಸುವ ದ್ರವದ 30 ಮಿಲಿಲೀಟರ್‌ನ ಒಂದು ಬಾಟಲಿ, ಎರಡೂ ಸೇರಿ 2,800. ಬಾಟಲಿಯ ಮೇಲೆ ಮಾವಿನ ಹಣ್ಣಿನ ಚಿತ್ರ ಇತ್ತು. ತಯಾರಿಸಿದವರ ವಿಳಾಸ ಇಲ್ಲ, ತಾರೀಖು ಇಲ್ಲ, ಇಂಗ್ಲಿಷ್ ಅಕ್ಷರಗಳೂ ತಪ್ಪು ತಪ್ಪು.

ಪಾಡ್ ಒಳಗೆ ಇರುವುದು ಇಷ್ಟೇ. ಬ್ಯಾಟರಿ, ಕಾಯಿಲ್ ಎನ್ನುವ ಸಣ್ಣ ತಂತಿ, ಅದರ ಸುತ್ತ ಹತ್ತಿ. ಹತ್ತಿ ದ್ರವವನ್ನು ಹೀರಿಕೊಳ್ಳುತ್ತದೆ, ತಂತಿ ಕಾದು ಅದನ್ನು ಆವಿ ಮಾಡುತ್ತದೆ. ಹತ್ತಿ ಒಣಗಿದ್ದಾಗ ಎಳೆದರೆ ಹತ್ತಿಯೇ ಸುಡುತ್ತದೆ. ಆಗ ಬರುವ ಹೊಗೆಯಲ್ಲಿ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಇರುತ್ತವೆ. ನನ್ನ ಪಾಡ್‌ನಲ್ಲಿ ವಾರಕ್ಕೇ ಸುಟ್ಟ ವಾಸನೆ ಶುರುವಾಯಿತು. ಇನ್ನೊಂದು ಕಾಯಿಲ್ ಕೇಳಿದರೆ ಆ ಮಾಡೆಲ್‌ಗೆ ಸಿಗುವುದಿಲ್ಲ ಎಂದ. ಕೆಳಗಿನಿಂದ ದ್ರವ ಸೋರಿ ಪ್ಯಾಂಟಿನ ಜೇಬು ಅಂಟಂಟು. ಒಂದು ರಾತ್ರಿ ಫೋನಿನ ಫಾಸ್ಟ್ ಚಾರ್ಜರ್‌ಗೆ ಹಾಕಿದ್ದೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಪಕ್ಕ ಉಬ್ಬಿ ಜೋಡಣೆ ಬಿಟ್ಟುಕೊಂಡಿತ್ತು. ಲಿಥಿಯಂ ಬ್ಯಾಟರಿ ಒಮ್ಮೆ ಹೀಗೆ ಕಾಯಲು ಶುರುವಾದರೆ ತನ್ನಷ್ಟಕ್ಕೇ ಇನ್ನೂ ಕಾದು ಬೆಂಕಿ ಹತ್ತಿಕೊಳ್ಳಬಹುದು. ಅಮೆರಿಕದಲ್ಲಿ ವೇಪ್ ಸಿಡಿದು ಜನ ಸತ್ತಿದ್ದಾರೆ, 2018ರಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬರು. ನಾನು ಅದನ್ನು ಬಾಲ್ಕನಿಯ ಮರಳಿನ ಬಕೆಟ್ಟಿಗೆ ಹಾಕಿ ಬೆಳಗಿನವರೆಗೂ ಎದ್ದು ಕೂತೆ. ಒಳಗೆ ಮಗಳು ಮಲಗಿದ್ದಳು.

ಪಾಡ್ ಹೋಯಿತು, ಬಾಟಲಿ ಉಳಿಯಿತು. ಇನ್ನೂ ಮುಕ್ಕಾಲು ಭಾಗ ಇತ್ತಲ್ಲ, ದುಡ್ಡು ಕೊಟ್ಟದ್ದು, ಎಸೆಯಲು ಮನಸ್ಸು ಬರಲಿಲ್ಲ. ಮೇಜಿನ ಡ್ರಾಯರ್‌ನಲ್ಲಿ ಫೈಲುಗಳ ಹಿಂದೆ ಇಟ್ಟೆ.

ಭಾನುವಾರ ಬೆಳಿಗ್ಗೆ ಎಂಟೂವರೆ. ನಾನು ಹಾಲು ತರಲು ಕೆಳಗೆ ಹೋಗಿದ್ದೆ. ಹೆಂಡತಿ ಒಲೆಯ ಮುಂದೆ ಇದ್ದಳು. ವಾಪಸ್ ಬಂದಾಗ ಮಗಳು ಮೇಜಿನ ಕೆಳಗೆ ಕೂತಿದ್ದಳು, ಬಾಟಲಿ ಬಿಚ್ಚಿತ್ತು. ಅದರ ಮುಚ್ಚಳ ಒತ್ತಿ ತಿರುಗಿಸುವಂಥದ್ದಲ್ಲ, ಸುಮ್ನೆ ಎಳೆದರೆ ಬರುವಂಥದ್ದು. ಕೈಯೆಲ್ಲಾ ಅಂಟು, ತುಟಿ ಒದ್ದೆ. "ಅಪ್ಪ, ಮಾವಿನ ಹಣ್ಣು" ಅಂದಳು. ಆ ಮಾತು ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ.

ಕೈ ಬಾಯಿ ತೊಳೆದು ಆಟೋ ಹಿಡಿದು ಓಡಿದೆವು. ದಾರಿಯಲ್ಲಿ ಒಂದು ಸಲ ವಾಂತಿ ಮಾಡಿದಳು. ಇದರ ಸ್ಟ್ರೆಂತ್ ಎಷ್ಟು ಎಂದು ಮಕ್ಕಳ ಡಾಕ್ಟರ್ ಕೇಳಿದರು. ಮೂರು ಎಂದು ಬರೆದಿದೆ ಎಂದೆ. ಬಾಟಲಿ ತಿರುಗಿಸಿ ನೋಡಿ, "ಇದನ್ನು ನಾವು ನಂಬೋಕಾಗಲ್ಲ, ಸಂಜೆವರೆಗೂ ಇಲ್ಲೇ ಇರಲಿ" ಎಂದರು. ಮೂರು ಇರಬಹುದು, ಐವತ್ತು ಇರಬಹುದು, ಗೊತ್ತು ಮಾಡಿಕೊಳ್ಳಲು ಅಲ್ಲಿ ದಾರಿಯೇ ಇರಲಿಲ್ಲ. ಆ ಪುಟ್ಟ ಬೆರಳಿಗೆ ಕ್ಲಿಪ್ ಹಾಕಿ ಎದೆಬಡಿತ ನೋಡುತ್ತಾ ಏಳು ಗಂಟೆ ಕೂತೆವು. ಹೆಂಡತಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಮಗಳು ಹುಷಾರಾದಳು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ. 2014ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಇಂಥ ನಿಕೋಟಿನ್ ದ್ರವ ಕುಡಿದು ತೀರಿಕೊಂಡಿತು.

ಒಳ್ಳೆಯ ಅಂಗಡಿ ನೋಡಿ ತಗೊಂಡರೆ ಆಯ್ತಲ್ವಾ ಎಂದು ಕೆಲವರು ಕೇಳುತ್ತಾರೆ. ಎಲ್ಲಿದೆ ಆ ಅಂಗಡಿ? 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಇದ್ದಕ್ಕಿದ್ದಂತೆ ಕೆಡತೊಡಗಿತು. 2020ರ ಫೆಬ್ರುವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, 68 ಮಂದಿ ಸತ್ತಿದ್ದರು. ಹೆಚ್ಚಿನವರು ಗಾಂಜಾ ಅಂಶ ಇರುವ ದ್ರವ ಸೇದಿದವರು, ಅದರಲ್ಲೂ ಗೆಳೆಯರ ಕೈಯಿಂದ, ಡೀಲರ್‌ಗಳ ಕೈಯಿಂದ ತಗೊಂಡವರು. ಅದರಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತುವೇ ಮುಖ್ಯ ಕಾರಣ ಎಂದು ಕಂಡುಬಂತು. ಏನು ಬೆರೆಸಿದ್ದಾರೆ ಎಂದು ಹೇಳಬೇಕಾದವರು ಇಲ್ಲದ ಕಡೆ ಕೊಂಡರೆ ಹೀಗಾಗುತ್ತದೆ. ನಮ್ಮಲ್ಲಿ ಎಲ್ಲವೂ ಅಂಥ ಕಡೆಯಿಂದಲೇ ಬರುವುದು.

ಇಷ್ಟೆಲ್ಲಾ ಆಗಿ ಸಿಗರೇಟ್ ಆದರೂ ನಿಂತಿತಾ ಅಂದರೆ, ಇಲ್ಲ. ಮನೆಯಲ್ಲಿ ವಾಸನೆ ಬರುವುದಿಲ್ಲ ಎಂದು ವೇಪ್, ಟೀ ಅಂಗಡಿಯಲ್ಲಿ ಗೆಳೆಯರ ಜೊತೆ ಸಿಗರೇಟ್. ಆ ಎರಡು ತಿಂಗಳಲ್ಲಿ ನಿಕೋಟಿನ್ ಮೊದಲಿಗಿಂತ ಜಾಸ್ತಿಯೇ ತಗೊಂಡಿದ್ದೇನೆ.

ಕೊನೆಗೆ ದಾರಿ ಸಿಕ್ಕಿದ್ದು ಸಿಗರೇಟ್ ಪ್ಯಾಕಿನ ಮೇಲೆಯೇ. 1800-11-2356, ತಂಬಾಕು ಬಿಡಲು ಇರುವ ಸರ್ಕಾರಿ ಸಹಾಯವಾಣಿ. ಕರೆಗೆ ದುಡ್ಡಿಲ್ಲ. ಈ ನಂಬರ್ ವರ್ಷಗಟ್ಟಲೆ ನನ್ನ ಜೇಬಿನಲ್ಲೇ ಇತ್ತು. ದಕ್ಷಿಣದವರಿಗಾಗಿ ಇದರ ಒಂದು ಕೇಂದ್ರ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ದಿನದ ಮೊದಲ ಸಿಗರೇಟ್ ಎದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಬಿಡುವ ದಿನ ನೀವೇ ಗೊತ್ತು ಮಾಡಿ ಎಂದರು. ಆ ದಿನ, ಆಮೇಲೆ ಕೂಡ, ಅವರೇ ಫೋನ್ ಮಾಡಿ ವಿಚಾರಿಸಿದರು.

ಜೊತೆಗೆ ಡಾಕ್ಟರ್ ಹೇಳಿದಂತೆ 2 ಮಿಲಿಗ್ರಾಂನ ನಿಕೋಟಿನ್ ಗಮ್. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತದೆ, ಬಿಲ್ ಕೊಡುತ್ತಾರೆ. ಗಮ್‌ನ ಸ್ಟ್ರಿಪ್ ಮೇಲೆ ಬ್ಯಾಚ್ ನಂಬರ್, ಕೊನೆಯ ತಾರೀಖು ಎಲ್ಲಾ ಇರುತ್ತದೆ. ಇದನ್ನು ಚೂಯಿಂಗ್ ಗಮ್ ಥರ ಸುಮ್ನೆ ಅಗಿಯಬಾರದು. ನಿಧಾನವಾಗಿ ಅಗಿದು, ಮೆಣಸಿನಂಥ ಖಾರ ನಾಲಿಗೆಗೆ ತಾಗಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲಿನಿಂದ ಕಾಫಿ, ಟೀ ಕುಡಿಯಬಾರದು. ನಾನು ಮೊದಲು ಕಾಫಿ ಜೊತೆಗೇ ಅಗಿದು, ಏನೂ ಆಗುತ್ತಿಲ್ಲ ಎಂದು ಬೇಸರ ಮಾಡಿಕೊಂಡಿದ್ದೆ. ಇವತ್ತಿಗೆ 71 ದಿನ ಆಯಿತು, ಸಿಗರೇಟ್ ಇಲ್ಲ, ವೇಪ್ ಇಲ್ಲ. ಸಂಜೆ ಆರರ ಹೊತ್ತು ಇನ್ನೂ ಕಷ್ಟ.

ಈಗಾಗಲೇ ವೇಪ್ ಅಥವಾ ಅದರ ಬಾಟಲಿ ಮನೆಯಲ್ಲಿದ್ದರೆ ಇವತ್ತೇ ಅದನ್ನು ಮಕ್ಕಳ ಕೈಗೆ, ಕಣ್ಣಿಗೆ ಸಿಗದ ಕಡೆ ಬೀಗ ಹಾಕಿ ಇಡಿ. ಬ್ಯಾಟರಿ ಇರುವುದನ್ನು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಡಿ. ಮಗು ಆ ದ್ರವ ಮುಟ್ಟಿದ್ದರೆ ಮೈಯನ್ನು ನೀರಿನಿಂದ ಚೆನ್ನಾಗಿ ತೊಳೆದು ಬಟ್ಟೆ ಬದಲಿಸಿ. ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ, ಡಾಕ್ಟರ್ ಹತ್ತಿರ ಏನನ್ನೂ ಮುಚ್ಚಿಡಬೇಡಿ.