ಇಂಡಿ ರಸ್ತೆಯ ಬೋರ್ಡಿಲ್ಲದ ವೈರಿಂಗ್ ಅಂಗಡಿ

ಇಂಡಿಕೇಟರ್ ಕೆಟ್ಟು ನಾಲ್ಕು ದಿನ ಕೈ ತೋರಿಸಿಕೊಂಡೇ ಕಾರು ಓಡಿಸಿದೆ. ಬಲಕ್ಕೆ ಹೊರಳುವಾಗ ಕಿಟಕಿಯಿಂದ ಕೈ ಚಾಚಿದರೆ ಜನಕ್ಕೆ ಅರ್ಥವಾಗುತ್ತದೆ. ಎಡಕ್ಕೆ ಹೊರಳಬೇಕಾದರೆ ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಲೈಸೆನ್ಸ್ ಕೈಗೆ ಬಂದ ದಿನವೇ ಎಲ್ಲರೂ ಮರೆಯುವ ವಿದ್ಯೆ ಅದು. ವಿಜಯಪುರದ ಗಾಂಧಿ ಚೌಕದಲ್ಲಿ ನಾನು ಹಾಗೆ ಕೈ ತಿರುಗಿಸಿದ್ದೇ ತಡ, ಹಿಂದಿದ್ದ ಬೈಕಿನ ಹುಡುಗ ತನ್ನನ್ನೇ ಕರೆದೆನೆಂದು ಪಕ್ಕಕ್ಕೆ ಬಂದು, ‘ಏನು ಬೇಕಿತ್ತು ಅಕ್ಕಾ?’ ಎಂದ.

ನನ್ನದು 2010ರ ಸಣ್ಣ ಕಾರು. ದಿನವೂ ಮನಗೂಳಿ ದಾಟಿ ಬಸವನ ಬಾಗೇವಾಡಿ ಕಡೆಯ ಶಾಲೆಗೆ ಹೋಗಿ ಬರುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಆ ದಾರಿ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ಒಂದೂ ದೀಪವಿಲ್ಲ. ಅವರನ್ನು ಬೈಯುತ್ತಲೇ ನಾನೂ ಇಂಡಿಕೇಟರ್ ಇಲ್ಲದ ಗಾಡಿ ಓಡಿಸುವುದು ಮನಸ್ಸಿಗೆ ಬರಲಿಲ್ಲ.

ಮೊದಲು ಊರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಅಂಗಿಗೆ ಇಸ್ತ್ರಿ ಮಾಡಿದ್ದ ಹುಡುಗನೊಬ್ಬ ಸ್ಟೀರಿಂಗ್ ಪಕ್ಕದ ಇಂಡಿಕೇಟರ್ ಕಡ್ಡಿಯನ್ನು ಮೇಲೆ ಕೆಳಗೆ ಎರಡು ಸಲ ಆಡಿಸಿ, ‘ಕಾಂಬಿನೇಷನ್ ಸ್ವಿಚ್ ಹೋಗಿದೆ ಮೇಡಂ, 4,200 ಆಗುತ್ತದೆ’ ಎಂದು ಚೀಟಿ ಬರೆದುಕೊಟ್ಟ. ಬಾನೆಟ್ ಎತ್ತಲಿಲ್ಲ, ಒಂದು ತಂತಿ ಮುಟ್ಟಲಿಲ್ಲ. ನಾಡಿ ಹಿಡಿಯದೆ ಔಷಧ ಬರೆಯುವುದೆಂದರೆ ಇದೇ.

ಇಂಡಿ ರಸ್ತೆಯ ಈ ಅಂಗಡಿಯನ್ನು ತೋರಿಸಿದವರು ನಮ್ಮ ಶಾಲೆಗೆ ಹಾಲು ತರುವ ಟೆಂಪೋದವರು. ತಗಡಿನ ಮಾಡು, ಮುಂದೊಂದು ಬೇವಿನ ಮರ, ಗೋಡೆಗೆ ಒರಗಿಸಿದ ಹಳೆಯ ಬ್ಯಾಟರಿಗಳು. ಬೋರ್ಡ್ ಇಲ್ಲ. ಮಿಸ್ತ್ರಿಗೆ ಅರುವತ್ತರ ಮೇಲಿರಬೇಕು, ಎಲ್ಲರಿಗೂ ಅವರು ಕಾಕಾ. ನಾನು ಶಿಕ್ಷಕಿ ಎಂದು ಟೆಂಪೋದವರು ಹೇಳಿದ ಮೇಲೆ ನಾನು ಅವರಿಗೆ ಅಕ್ಕೋರು.

ಚೀಟಿಯನ್ನು ತೋರಿಸಿದೆ. ಕಾಕಾ ಅದನ್ನು ಓದದೆ, ‘ಕೆಂಪು ತ್ರಿಕೋನದ ಗುಂಡಿ ಒತ್ತಿರಿ’ ಎಂದರು. ಒತ್ತಿದೆ. ಒಂದು ದೀಪವೂ ಹತ್ತಲಿಲ್ಲ, ಟಿಕ್ ಎಂಬ ಸದ್ದೂ ಇಲ್ಲ. ‘ನೋಡಿರಿ ಅಕ್ಕೋರೇ, ಕಡ್ಡಿ ಒಂದೇ ಕೆಟ್ಟಿದ್ದರೆ ಈ ಗುಂಡಿಗೆ ನಾಲ್ಕೂ ದೀಪ ಮಿನುಗಬೇಕಾಗಿತ್ತು. ಇದಕ್ಕೂ ಅದಕ್ಕೂ ಸೇರಿದ್ದೇ ಏನೋ ಮಲಗಿದೆ.’

ಆಮೇಲೆ ಕರೆಂಟು ಬರುತ್ತಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ತೆಗೆದುಕೊಂಡರು. ಸ್ಕ್ರೂಡ್ರೈವರಿನ ಹಿಡಿಯಲ್ಲೊಂದು ಸಣ್ಣ ಬಲ್ಬು, ಬಾಲದಲ್ಲೊಂದು ಕ್ಲಿಪ್, ಅಷ್ಟೇ ಸಾಮಾನು. ಫ್ಯೂಸಿನ ಎರಡೂ ತುದಿಗೆ ಮುಟ್ಟಿಸಿದರು, ಎರಡರಲ್ಲೂ ಹತ್ತಿತು, ಅಂದರೆ ಫ್ಯೂಸ್ ಸರಿ ಇದೆ. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ದೀಪಗಳನ್ನು ಮಿನುಗಿಸುವ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಫ್ಲ್ಯಾಶರ್ ರಿಲೇಯನ್ನು ಕಿತ್ತರು. ಅದಕ್ಕೆ ಮೂರು ಕಾಲು: ಒಂದು ಕರೆಂಟು ಬರುವುದಕ್ಕೆ, ಒಂದು ದೀಪಗಳಿಗೆ ಹೋಗುವುದಕ್ಕೆ, ಒಂದು ಅರ್ಥಿಂಗಿಗೆ, ಅಂದರೆ ಕರೆಂಟು ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳುವುದಕ್ಕೆ. ಅದು ಕೂರುತ್ತಿದ್ದ ಗೂಡಿನಲ್ಲಿ ಮೊದಲೆರಡನ್ನು ತುಂಡು ತಂತಿಯಿಂದ ಜೋಡಿಸಿ, ಕಡ್ಡಿಯನ್ನು ಬಲಕ್ಕೆ ಒತ್ತಲು ಹೇಳಿದರು. ಬಲಗಡೆಯ ದೀಪಗಳು ಮಿನುಗದೆ ಸುಮ್ಮನೆ ಉರಿದವು. ಎಡಕ್ಕೆ ಒತ್ತಿದಾಗ ಎಡಗಡೆಯವು ಉರಿದವು. ಅಂದರೆ ಬಲ್ಬು, ತಂತಿ, 4,200 ರೂಪಾಯಿಯ ಸ್ವಿಚ್ ಎಲ್ಲವೂ ನೆಟ್ಟಗಿವೆ. ಉಳಿದದ್ದು ರಿಲೇ, ಇಲ್ಲವೇ ಅದರ ಅರ್ಥಿಂಗ್.

ಬೇರೆಯವರಾಗಿದ್ದರೆ ಇಲ್ಲಿಗೇ ಹೊಸ ರಿಲೇ ಹಾಕಿ ದುಡ್ಡು ಎಣಿಸುತ್ತಿದ್ದರು. ಕಾಕಾ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಮೊನೆಯನ್ನು ಮೂರನೆಯ ತೂತಿಗೆ ಇಟ್ಟರು. ಬಲ್ಬು ಮಿಣುಕು ಮಿಣುಕು, ಎಣ್ಣೆ ತೀರಿದ ದೀಪದ ಹಾಗೆ. ಅಂದರೆ ಕೆಟ್ಟದ್ದು ಅರ್ಥಿಂಗ್. ಕಾಲುಹಾಸನ್ನು ಹೆಬ್ಬೆರಳಿನಿಂದ ಒತ್ತಿ, ‘ಮಳೆಗಾಲದಲ್ಲಿ ಇದು ಹಸಿಯಾಗುತ್ತಿತ್ತಲ್ಲವೇ?’ ಎಂದು ಕೇಳಿದರು. ಆಗುತ್ತಿತ್ತು, ನಾನೇ ಎರಡು ಸಲ ಬಿಸಿಲಿಗೆ ಹಾಕಿದ್ದೆ. ಮುಂಗಾಜಿನ ರಬ್ಬರಿನ ಮೂಲೆಯಿಂದ ಇಳಿದ ನೀರು ತಗಡಿಗೆ ಬಿಗಿದ ಅರ್ಥಿಂಗ್ ಬೋಲ್ಟಿಗೆ ತುಕ್ಕು ಹಿಡಿಸಿತ್ತು. ಬಿಚ್ಚಿ ತಂದು ನನ್ನ ಅಂಗೈಯಲ್ಲಿಟ್ಟರು. ಬೆಲ್ಲದ ಪುಡಿಯಂತೆ ಉದುರುತ್ತಿತ್ತು. ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಹೊಸ ಬೋಲ್ಟ್ ಹಾಕಿ, ಮೇಲೆ ಗ್ರೀಸ್ ಸವರಿ, ಹಳೆಯ ರಿಲೇಯನ್ನೇ ಸಿಕ್ಕಿಸಿದರು. ಟಿಕ್ ಟಿಕ್ ಶುರುವಾಯಿತು. ನಾಲ್ಕು ದಿನದ ಮೇಲೆ ಕೇಳಿದ ಆ ಸದ್ದು ಸಂಗೀತದಂತಿತ್ತು ಎನ್ನುತ್ತಿದ್ದೆ, ಆದರೆ ತಾಳ ತಪ್ಪಿತ್ತು.

ಬಹಳ ಅವಸರದ ಟಕಟಕ. ದೀಪಾವಳಿಯಿಂದಲೂ ಹಾಗೇ ಇತ್ತೆಂದು ಹೇಳಿದೆ. ಕಾಕಾ ಹಿಂದಿನ ದೀಪ ಬಿಚ್ಚಿ ನಕ್ಕರು. ನಮ್ಮ ಯಜಮಾನರು ಆನ್‌ಲೈನಿನಲ್ಲಿ ತರಿಸಿ ಹಾಕಿದ್ದ ಎಲ್‌ಇಡಿಗಳು! ಹಳೆಯ ಮಾದರಿಯ ಬಲ್ಬು 21 ವ್ಯಾಟ್. ಎಲ್‌ಇಡಿ ಅದರ ಅಲ್ಪ ಪಾಲನ್ನಷ್ಟೇ ಎಳೆಯುತ್ತದೆ. ಕರೆಂಟು ಕಡಿಮೆ ಹರಿದರೆ ಬಲ್ಬು ಸುಟ್ಟಿದೆ ಎಂದು ತಿಳಿದು ರಿಲೇ ಅವಸರ ಮಾಡುತ್ತದೆ. ಚಾಲಕನಿಗೆ ಗೊತ್ತಾಗಲಿ ಎಂದೇ ಹಾಗೆ ಮಾಡಿರುತ್ತಾರಂತೆ. ಹಿಂದಿನ ಎರಡಕ್ಕೂ ಮಾಮೂಲಿ ಬಲ್ಬು ಹಾಕಿಸಿದೆ. ಕೈಗಡಿಯಾರ ನೋಡಿ ಎಣಿಸಿದೆ, ನಿಮಿಷಕ್ಕೆ 84. 60ರಿಂದ 120ರೊಳಗೆ ಇದ್ದರೆ ಸರಿ. ಎಲ್‌ಇಡಿಗಳನ್ನು ಪೊಟ್ಟಣ ಕಟ್ಟಿ ಮನೆಯ ಟಿ.ವಿ. ಮೇಲೆ ಇಟ್ಟಿದ್ದೇನೆ. ಯಜಮಾನರು ಇನ್ನೂ ನೋಡದವರಂತೆ ಓಡಾಡುತ್ತಿದ್ದಾರೆ.

ಕೂಲಿ 150, ಎರಡು ಬಲ್ಬಿಗೆ 80, ಬೋಲ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಕೊರತೆಗಳೂ ಇವೆ. ಕೂರಲು ಒಂದು ಟಯರ್ ಬಿಟ್ಟರೆ ಏನೂ ಇಲ್ಲ, ಸೀರೆ ಉಟ್ಟವರಿಗೆ ಅದೂ ಇಲ್ಲ. ಬಿಲ್ ಕೊಡುವುದಿಲ್ಲ. ಕೆಲಸ ಮುಕ್ಕಾಲು ಗಂಟೆಯದು, ಕಾದದ್ದು ಎರಡೂವರೆ ಗಂಟೆ, ಏಕೆಂದರೆ ಟ್ರ್ಯಾಕ್ಟರ್ ಬಂದರೆ ಕಾರಿನವರು ಹಿಂದೆ. ಕೇಳಿದ್ದಕ್ಕೆ, ‘ಅವರ ಕಬ್ಬು ಒಣಗುತ್ತದೆ, ನಿಮ್ಮದು ಒಣಗುವುದಿಲ್ಲ’ ಎಂದರು. ನನಗೆ ಸಿಟ್ಟೇ ಬಂದಿತ್ತು. ಆದರೆ ಆ ಟ್ರ್ಯಾಕ್ಟರಿನವನು ಹಾಕಿಸುತ್ತಿದ್ದದ್ದು ಟ್ರೇಲರಿನ ಹಿಂದೀಪ ಎಂದು ಕಂಡಾಗ ಸುಮ್ಮನಾದೆ.

ಮುಂಗಾಜಿನ ರಬ್ಬರ್ ಅವರ ಕೆಲಸವಲ್ಲ, ಗಾಜಿನವರ ಹತ್ತಿರ ಹೋಗಬೇಕು. ನೀವು ಹೋಗುವುದಾದರೆ ಬೆಳಿಗ್ಗೆ 10 ಗಂಟೆಯ ಒಳಗೆ ಹೋಗಿ. ಆಮೇಲೆ ಬೇವಿನ ನೆರಳು ಪಕ್ಕದ ಪಂಕ್ಚರ್ ಅಂಗಡಿಯವರ ಪಾಲಾಗುತ್ತದೆ.