ಟ್ರೈಲರ್ ಎಳೆಯೋಕೆ ಡೀಸೆಲ್ ಪಿಕಪ್ಪೋ, ಪೆಟ್ರೋಲ್ ಪಿಕಪ್ಪೋ?

ಮೊದಲೇ ಹೇಳಿಬಿಡುತ್ತೇನೆ. ಮೈಲೇಜ್ ಜಾಸ್ತಿ ಬರುತ್ತದೆ, ದುಡ್ಡು ಉಳಿಯುತ್ತದೆ ಅನ್ನೋ ಒಂದೇ ಕಾರಣಕ್ಕೆ ಡೀಸೆಲ್ ಪಿಕಪ್ ತಗೋಬೇಡಿ. ಅಮೆರಿಕದ ಬೆಲೆಗಳಲ್ಲಿ ಆ ಲೆಕ್ಕ ಹೆಚ್ಚಿನವರಿಗೆ ಕೂಡಿಬರುವುದಿಲ್ಲ. ಭಾರದ ಟ್ರೈಲರ್ ಕಟ್ಟಿಕೊಂಡು ದೂರ ಹೋಗುವವರು, ಅದರಲ್ಲೂ ಬೆಟ್ಟದ ದಾರಿಯಲ್ಲಿ ಹೋಗುವವರು ನೀವಾದರೆ ಕಣ್ಣು ಮುಚ್ಚಿ ಡೀಸೆಲ್ ತಗೊಳ್ಳಿ. ಅಪರೂಪಕ್ಕೊಮ್ಮೆ ದೋಣಿ ಎಳೆದುಕೊಂಡು ಕೆರೆಗೆ ಹೋಗಿಬರುವವರಿಗೆ ಪೆಟ್ರೋಲ್ ಧಾರಾಳವಾಗಿ ಸಾಕು. ಎರಡೂ ಥರದ ಗಾಡಿಗಳಲ್ಲಿ ಟ್ರೈಲರ್ ಎಳೆದಿದ್ದೇನೆ, ಹಾಗಾಗಿ ಈ ಮಾತು ಬರೀ ಬ್ರೋಷರ್ ಓದಿ ಹೇಳುತ್ತಿರುವುದಲ್ಲ.

ಎಳೆಯುವ ವಿಷಯವನ್ನೇ ಮೊದಲು ನೋಡೋಣ, ಯಾಕೆಂದರೆ ನಿಜವಾದ ವ್ಯತ್ಯಾಸ ಇರೋದು ಅಲ್ಲೇ. ಫೋರ್ಡ್ ಸೂಪರ್ ಡ್ಯೂಟಿ ಅನ್ನೋ ದೊಡ್ಡ ಪಿಕಪ್‌ನಲ್ಲಿ ಬರುವ 7.3 ಲೀಟರ್ ಪೆಟ್ರೋಲ್ ವಿ8 ಇಂಜಿನ್ 430 ಹಾರ್ಸ್‌ಪವರ್, 485 ಪೌಂಡ್-ಅಡಿ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ. ಅದೇ ಗಾಡಿಯ 6.7 ಲೀಟರ್ ಡೀಸೆಲ್‌ನಲ್ಲಿ ಹೈ ಔಟ್‌ಪುಟ್ ಅನ್ನೋ ಆವೃತ್ತಿ ಇದೆ. ಅದರದ್ದು 500 ಹಾರ್ಸ್‌ಪವರ್, 1,200 ಪೌಂಡ್-ಅಡಿ. ಹಾರ್ಸ್‌ಪವರ್‌ನಲ್ಲಿ ಅಂಥಾ ಅಂತರ ಇಲ್ಲ, ಟಾರ್ಕ್ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕಿಂತ ಮುಖ್ಯ ಅಂದರೆ ಅದು ಯಾವಾಗ ಸಿಗುತ್ತದೆ ಅನ್ನೋದು. ಡೀಸೆಲ್‌ಗೆ 1,600 ಆರ್‌ಪಿಎಂನಲ್ಲೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಪೂರ್ತಿ ಟಾರ್ಕ್ ಬರುತ್ತದೆ, ಪೆಟ್ರೋಲ್ ಇಂಜಿನ್ 4,000 ಮುಟ್ಟಬೇಕು. ಹಾಗಾಗಿ ಹೆದ್ದಾರಿಯಲ್ಲಿ ಸಣ್ಣದೊಂದು ಏರು ಬಂದರೂ ಪೆಟ್ರೋಲ್ ಗಾಡಿ ಎರಡು ಮೂರು ಗೇರ್ ಕೆಳಗಿಳಿದು ಗರ್ಜಿಸಲು ಶುರುಮಾಡುತ್ತದೆ. ಇದರಿಂದ ಇಂಜಿನ್‌ಗೇನೂ ಆಗುವುದಿಲ್ಲ, ಅದನ್ನು ಹಾಗೆ ಓಡಲಿಕ್ಕೆಂದೇ ಮಾಡಿರುತ್ತಾರೆ. ಆದರೆ ಆರೇಳು ಗಂಟೆ ಆ ಸದ್ದು ಕೇಳುತ್ತಾ ಕೂತರೆ ಡ್ರೈವರ್‌ಗೆ ಸುಸ್ತಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ತಲೆನೋವು ಬರುತ್ತದೆ. ಡೀಸೆಲ್ ಅದೇ ಏರನ್ನು ಗೇರ್ ಕೂಡ ಬದಲಿಸದೆ ಹತ್ತಿಬಿಡುತ್ತದೆ.

ಎತ್ತರದ ಜಾಗಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತಾ ಹೋಗುತ್ತದಲ್ಲ. ಕೊಲೊರಾಡೋದಲ್ಲಿ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಅಲ್ಲಿಗೆ ಹೋಗುವಷ್ಟರಲ್ಲಿ 430 ಹಾರ್ಸ್‌ಪವರ್ ಇದ್ದದ್ದು ಹೆಚ್ಚುಕಡಿಮೆ 300ಕ್ಕೆ ಇಳಿದಿರುತ್ತದೆ. ಟರ್ಬೋ ಇರುವ ಡೀಸೆಲ್‌ಗೆ ಈ ತೊಂದರೆ ಬಹಳ ಕಡಿಮೆ. ನ್ಯಾಯವಾಗಿ ಹೇಳಬೇಕಂದರೆ ಫೋರ್ಡ್‌ನ ಚಿಕ್ಕ ಪಿಕಪ್ ಎಫ್-150ಯ 3.5 ಲೀಟರ್ ಇಕೋಬೂಸ್ಟ್‌ನಂಥ ಟರ್ಬೋ ಪೆಟ್ರೋಲ್‌ಗೂ ಕಡಿಮೆಯೇ. ಅದು 400 ಹಾರ್ಸ್‌ಪವರ್, 500 ಪೌಂಡ್-ಅಡಿ ಕೊಡುತ್ತದೆ, 3,000 ಆರ್‌ಪಿಎಂ ಸುಮಾರಿಗೇ ಟಾರ್ಕ್ ಸಿಗುತ್ತದೆ. ಪೆಟ್ರೋಲ್ ಅಂದರೆ ಎಲ್ಲಾ ಒಂದೇ ಅಂತ ಮಾತಾಡುವವರು ಇದನ್ನು ಮರೆತಿರುತ್ತಾರೆ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಯಾರೂ ಕೊಳ್ಳುವಾಗ ಇದನ್ನು ಕೇಳುವುದಿಲ್ಲ, ಕೇಳಲೇಬೇಕು. ಈಗಿನ ಹೆವಿ ಡ್ಯೂಟಿ (ಭಾರದ ಕೆಲಸಕ್ಕೆಂದೇ ಮಾಡಿದ ದೊಡ್ಡ ಪಿಕಪ್) ಡೀಸೆಲ್‌ಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಟರ್ಬೋದ ರೆಕ್ಕೆಗಳನ್ನು ಮುಚ್ಚಿ ಹೊಗೆ ಹೊರಹೋಗುವ ದಾರಿಯನ್ನು ಕಿರಿದು ಮಾಡುತ್ತದೆ, ಆ ಒತ್ತಡಕ್ಕೆ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಬಟನ್ ಒತ್ತಿದರೆ 12,000 ಪೌಂಡ್ ಟ್ರೈಲರ್ ಬೆನ್ನಿಗಿದ್ದರೂ ಬ್ರೇಕ್ ಮುಟ್ಟದೆ ಇಳಿಜಾರು ಇಳಿಯಬಹುದು. ಪೆಟ್ರೋಲ್ ಗಾಡಿಯಲ್ಲೂ ಟ್ರೈಲರ್ ಎಳೆಯಲೆಂದು ಇರುವ ಟೋ ಮೋಡ್ ಹಾಕಿದರೆ ಗೇರ್ ಇಳಿಸಿ ಹಿಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಮಧ್ಯೆ ಮಧ್ಯೆ ಬ್ರೇಕ್ ಒತ್ತಲೇಬೇಕು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ವಾಸನೆ ಬರಲು ಶುರುವಾದಾಗ ಆಗುವ ಭಯ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟೋಕೆ ಆಗಲ್ಲ. ನನ್ನ ಮಟ್ಟಿಗೆ ಡೀಸೆಲ್‌ನ ಅತಿ ದೊಡ್ಡ ಲಾಭ ಈ ಎಕ್ಸಾಸ್ಟ್ ಬ್ರೇಕ್. ಟಾರ್ಕ್ ಆಮೇಲೆ.

ಈಗ ಮೈಲೇಜ್. ಡೀಸೆಲ್ ಜಾಸ್ತಿ ಕೊಡುವುದು ನಿಜ. ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು 12ರಿಂದ 15 ಶೇಕಡಾ ಜಾಸ್ತಿ ಶಕ್ತಿ ಇರುತ್ತದೆ. ಅದರ ಮೇಲೆ ಕಂಪ್ರೆಷನ್ ಜಾಸ್ತಿ, ಗಾಳಿಯ ದಾರಿಯನ್ನು ಥ್ರಾಟಲ್‌ನಿಂದ ಅಡ್ಡಗಟ್ಟುವ ಕೆಲಸ ಇಲ್ಲ, ಹಾಗಾಗಿ ಸುಡುವ ಎಣ್ಣೆಯಿಂದ ಜಾಸ್ತಿ ಕೆಲಸ ತೆಗೆಯುತ್ತದೆ. ಇನ್ನೊಂದು ವಿಷಯ ಗೊತ್ತಿರಲಿ. 8,500 ಪೌಂಡ್‌ಗಿಂತ ಜಾಸ್ತಿ ಜಿವಿಡಬ್ಲ್ಯೂಆರ್ (ಹೊರೆ ಸೇರಿ ಗಾಡಿಗೆ ಒಪ್ಪಿರುವ ಒಟ್ಟು ತೂಕ) ಇರುವ ಪಿಕಪ್‌ಗಳಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಮೈಲೇಜ್ ಚೀಟಿ ಇರುವುದೇ ಇಲ್ಲ. ಅಂದರೆ ರಾಮ್ ಮತ್ತು ಜಿಎಂ (ಜನರಲ್ ಮೋಟರ್ಸ್) ಕಂಪನಿಗಳ 2500, ಫೋರ್ಡ್‌ನ ಎಫ್-250 ಮತ್ತು ಅದಕ್ಕಿಂತ ದೊಡ್ಡ ಗಾಡಿಗಳ ಬಗ್ಗೆ ಅಧಿಕೃತ ಅಂಕಿ ಹುಡುಕಿದರೂ ಸಿಗುವುದಿಲ್ಲ, ಓಡಿಸಿದವರ ಮಾತನ್ನೇ ನಂಬಬೇಕು.

ಒಂದು ಲೆಕ್ಕ ಹಾಕೋಣ. ದೊಡ್ಡ ಟ್ರಾವೆಲ್ ಟ್ರೈಲರ್ ಎಳೆಯುವಾಗ ಹೆವಿ ಡ್ಯೂಟಿ ಪೆಟ್ರೋಲ್ 8 ಎಂಪಿಜಿ (ಗ್ಯಾಲನ್‌ಗೆ 8 ಮೈಲಿ), ಡೀಸೆಲ್ 11 ಎಂಪಿಜಿ ಕೊಡುತ್ತದೆ ಅಂದುಕೊಳ್ಳಿ. 100 ಮೈಲಿಗೆ ಪೆಟ್ರೋಲ್ 12.5 ಗ್ಯಾಲನ್, ಡೀಸೆಲ್ 9.1 ಗ್ಯಾಲನ್. ಉಳಿತಾಯ 3.4 ಗ್ಯಾಲನ್. ಇನ್ನು ಖಾಲಿ ಓಡುವಾಗ 14 ಮತ್ತು 18 ಅಂತ ಇಟ್ಟುಕೊಳ್ಳಿ. ಆಗ 7.1 ಮತ್ತು 5.6, ಉಳಿಯೋದು ಒಂದೂವರೆ ಗ್ಯಾಲನ್ ಅಷ್ಟೇ. ಎಂಪಿಜಿಯಲ್ಲಿ ನೋಡಿದರೆ ಖಾಲಿ ಗಾಡಿಯ ಅಂತರ 4, ಭಾರದ ಗಾಡಿಯ ಅಂತರ 3. ಆದರೆ ಎಣ್ಣೆ ಉಳಿಯುವುದು ಭಾರ ಎಳೆಯುವಾಗಲೇ ಜಾಸ್ತಿ. ಅದಕ್ಕೇ ಗ್ಯಾಲನ್‌ಗೆ ಎಷ್ಟು ಮೈಲಿ ಅಂತ ನೋಡದೆ 100 ಮೈಲಿಗೆ ಎಷ್ಟು ಗ್ಯಾಲನ್ ಅಂತ ನೋಡಿ. ಆಗ ಚಿತ್ರ ಸರಿಯಾಗಿ ಕಾಣುತ್ತದೆ.

ಇದಕ್ಕೆ ಬೆಲೆ ಹಚ್ಚಿ. ಅಮೆರಿಕದಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲ್‌ಗಿಂತ ದುಬಾರಿ, ಕೇಂದ್ರದ ತೆರಿಗೆಯೇ ಗ್ಯಾಲನ್‌ಗೆ 18.4 ಸೆಂಟ್ ಮತ್ತು 24.4 ಸೆಂಟ್. ಉದಾಹರಣೆಗೆ ಪೆಟ್ರೋಲ್ 3.20 ಡಾಲರ್, ಡೀಸೆಲ್ 3.80 ಡಾಲರ್ ಅಂತ ಹಿಡಿದರೆ, ಟ್ರೈಲರ್ ಕಟ್ಟಿ ಓಡಿಸುವ ಪ್ರತಿ 100 ಮೈಲಿಗೆ ಸುಮಾರು ಐದೂವರೆ ಡಾಲರ್ ಉಳಿಯುತ್ತದೆ. ಖಾಲಿ ಓಡಿಸಿದರೆ ಎರಡು ಡಾಲರ್ ಕೂಡ ಇಲ್ಲ. ಹೆವಿ ಡ್ಯೂಟಿ ಗಾಡಿಯಲ್ಲಿ ಡೀಸೆಲ್ ಇಂಜಿನ್‌ಗೆ ಕೊಡಬೇಕಾದ ಹೆಚ್ಚುವರಿ ಹಣ 10,000 ಡಾಲರ್ ಆಸುಪಾಸು. ಅದು ವಾಪಸ್ ಬರಬೇಕಂದರೆ ಟ್ರೈಲರ್ ಕಟ್ಟಿಕೊಂಡೇ 1,80,000 ಮೈಲಿ ದಾಟಬೇಕು! ಮಾರುವಾಗ ಡೀಸೆಲ್‌ಗೆ ಒಳ್ಳೆ ಬೆಲೆ ಸಿಗುತ್ತದೆ, ಕೊಟ್ಟಿದ್ದರಲ್ಲಿ ಒಂದಷ್ಟು ಆಗ ಕೈಗೆ ಬರುತ್ತದೆ, ಸರಿ. ಆದರೂ ಬರೀ ಎಣ್ಣೆ ಉಳಿತಾಯದಿಂದ ಅಸಲು ತೆಗೆಯುತ್ತೇನೆ ಅನ್ನೋದು ಕಷ್ಟದ ಮಾತು. ನಿಮ್ಮ ಬಂಕಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಇನ್ನೂ ಒಂದು ವಿಷಯ, ಮೈಲೇಜ್ ತಿನ್ನುವುದು ಟ್ರೈಲರ್‌ನ ತೂಕಕ್ಕಿಂತ ಜಾಸ್ತಿ ಅದರ ಎದುರು ಮುಖದ ಅಗಲ, ಎತ್ತರ ಮತ್ತು ನಿಮ್ಮ ವೇಗ. ಎತ್ತರದ ಚೌಕ ಡಬ್ಬಿಯಂಥ ಟ್ರೈಲರ್ ಹಗುರವಿದ್ದರೂ ಗಾಳಿಯನ್ನು ತಳ್ಳಲೇಬೇಕು. ತಗ್ಗಾದ ದೋಣಿ ಅಷ್ಟೇ ಭಾರವಿದ್ದರೂ ಸಲೀಸಾಗಿ ಬರುತ್ತದೆ. ಗಂಟೆಗೆ 75 ಮೈಲಿಯಲ್ಲಿ ಹೋಗುವವರು 63ಕ್ಕೆ ಇಳಿಸಿದರೆ ಯಾವ ಇಂಜಿನ್ ಇದ್ದರೂ ಫರಕ್ಕು ಕಾಣುತ್ತದೆ.

ಚಿಕ್ಕ ಗಾಡಿಗಳಲ್ಲಿ, ಅಂದರೆ ಹಾಫ್-ಟನ್‌ನಲ್ಲಿ, ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಡೀಸೆಲ್‌ಗೆ ಅಷ್ಟು ಜಾಸ್ತಿ ಕೊಡಬೇಕಿಲ್ಲ, ಆದರೆ ಆಯ್ಕೆಯೇ ಉಳಿದಿಲ್ಲ. ಎಫ್-150ಯ 3.0 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್ 2018ರಲ್ಲಿ ಬಂದು 2021ಕ್ಕೆ ಮುಗಿಯಿತು. ರಾಮ್ 1500 ಇಕೋಡೀಸೆಲ್ 2023ರ ಆರಂಭದಲ್ಲಿ ನಿಂತುಹೋಯಿತು. ಜಿಎಂ ಒಬ್ಬರೇ 3.0 ಲೀಟರ್ ಡ್ಯುರಾಮ್ಯಾಕ್ಸ್ ಡೀಸೆಲ್ ಮುಂದುವರಿಸಿದರು. ಆರು ಸಿಲಿಂಡರ್ ಸಾಲಾಗಿರುವ ಇಂಜಿನ್, 2023ರಿಂದ 305 ಹಾರ್ಸ್‌ಪವರ್, 495 ಪೌಂಡ್-ಅಡಿ. ನನಗೆ ಇದು ನಿಜಕ್ಕೂ ಇಷ್ಟ. ತುಂಬಾ ನಯವಾಗಿ ಓಡುತ್ತದೆ, ಒಳಗೆ ಕೂತವರಿಗೆ ಡೀಸೆಲ್ ಅಂತ ಗೊತ್ತೇ ಆಗಲ್ಲ. ಈ ಇಂಜಿನ್ ಇದ್ದ 2020ರ ಟೂ-ವೀಲ್ ಡ್ರೈವ್ ಸಿಲ್ವರಾಡೋ ಪಿಕಪ್‌ಗೆ ಇಪಿಎ ಹೆದ್ದಾರಿಯಲ್ಲಿ 33 ಎಂಪಿಜಿ ಕೊಟ್ಟಿತ್ತು, ಅಷ್ಟು ದೊಡ್ಡ ಪಿಕಪ್‌ಗೆ ಅದು ಸಣ್ಣ ಮಾತಲ್ಲ. ದಿನಾ ಹೆದ್ದಾರಿಯಲ್ಲಿ ದೂರ ಓಡಾಡುವವರು, ಮಧ್ಯಮ ತೂಕದ ಟ್ರೈಲರ್ ಎಳೆಯುವವರು ಇದನ್ನು ಖಂಡಿತ ನೋಡಿ. ಒಂದು ಎಚ್ಚರಿಕೆ: ಇದರ ಮೊದಲ ತಲೆಮಾರಿನಲ್ಲಿ ಆಯಿಲ್ ಪಂಪ್ ಓಡಿಸುವ ಬೆಲ್ಟ್ ಇಂಜಿನ್‌ನ ಹಿಂಭಾಗದಲ್ಲಿದೆ, ಅದನ್ನು 1,50,000 ಮೈಲಿಗೆ ಬದಲಿಸಬೇಕು, ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಆ ಖರ್ಚಿಗೆ ಈಗಲೇ ತಯಾರಿರಿ.

ಪೇಲೋಡ್, ಅಂದರೆ ಗಾಡಿ ತನ್ನ ಮೇಲೆ ಹೊರಬಹುದಾದ ಹೊರೆಯ ವಿಷಯದಲ್ಲಿ ಜನ ಬಹಳ ಮೋಸ ಹೋಗುತ್ತಾರೆ. ಡೀಸೆಲ್ ಇಂಜಿನ್ ನೂರಾರು ಪೌಂಡ್ ಜಾಸ್ತಿ ಭಾರ, ಆ ಭಾರ ಗಾಡಿ ಹೊರಬಹುದಾದ ಹೊರೆಯಿಂದಲೇ ಕಡಿತವಾಗುತ್ತದೆ. ಸಾಧಾರಣ ಟ್ರೈಲರ್‌ನ 10ರಿಂದ 15 ಶೇಕಡಾ ತೂಕ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ, ಫಿಫ್ತ್-ವೀಲ್ (ಕೊಂಡಿ ಪಿಕಪ್‌ನ ಹಿಂದಿನ ತೊಟ್ಟಿಯೊಳಗೆ ಕೂರುವ ಟ್ರೈಲರ್) ಆದರೆ 15ರಿಂದ 25. ಅಂದರೆ 12,000 ಪೌಂಡ್‌ನ ಫಿಫ್ತ್-ವೀಲ್ ಸುಮಾರು 2,400 ಪೌಂಡ್ ಭಾರವನ್ನು ಗಾಡಿಯ ಬೆನ್ನ ಮೇಲೆ ಹಾಕುತ್ತದೆ. 20,000 ಪೌಂಡ್ ಎಳೆಯುತ್ತದೆ ಅಂತ ಜಾಹೀರಾತಿನಲ್ಲಿ ಇರುವ 2500 ಡೀಸೆಲ್‌ನ ಬಾಗಿಲು ತೆಗೆದು ಹಳದಿ ಚೀಟಿ ನೋಡಿ, ಪೇಲೋಡ್ 2,000 ಪೌಂಡ್ ಸುಮಾರು ಇರಬಹುದು. ಅದರಲ್ಲಿ ಮನೆಮಂದಿ, ಸಾಮಾನು, ಹಿಚ್ ಎಲ್ಲಾ ಸೇರಬೇಕು. ಎಳೆಯುವ ಶಕ್ತಿ ಇದೆ, ಹೊರುವ ಶಕ್ತಿ ಇಲ್ಲ. ಅದೇ 2500 ಪೆಟ್ರೋಲ್ ಆದರೆ ಜಾಸ್ತಿ ಹೊರುತ್ತದೆ. ಫಿಫ್ತ್-ವೀಲ್‌ಗೆ ಡೀಸೆಲ್ಲೇ ಬೇಕು ಅಂದರೆ ನೇರ 3500ಗೆ, ಅಂದರೆ ಅದರ ಮೇಲಿನ ದರ್ಜೆಯ ಗಾಡಿಗೆ ಹೋಗಿ. ಸೇಲ್ಸ್‌ನವರು ಇದನ್ನು ತಾವಾಗಿ ಹೇಳುವುದಿಲ್ಲ, ನನಗಂತೂ ಒಬ್ಬರೂ ಹೇಳಲಿಲ್ಲ.

ನಿರ್ವಹಣೆ ಬಗ್ಗೆ ಚಿಕ್ಕದಾಗಿ. ಫೋರ್ಡ್‌ನ 6.7 ಪವರ್ ಸ್ಟ್ರೋಕ್ ಡೀಸೆಲ್‌ಗೆ 13 ಕ್ವಾರ್ಟ್ ಆಯಿಲ್ ಬೇಕು, 7.3 ಪೆಟ್ರೋಲ್‌ಗೆ 8 ಸಾಕು. ಡೀಸೆಲ್ ಫಿಲ್ಟರ್‌ಗಳ ಖರ್ಚು ಬೇರೆ, ಡಿಇಎಫ್ (ಹೊಗೆ ಶುಚಿ ಮಾಡುವ ಯೂರಿಯಾ ದ್ರವ) ತುಂಬಿಸುತ್ತಲೇ ಇರಬೇಕು. ಅದು ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಟ್ಯಾಂಕಿನಲ್ಲಿ ಹೀಟರ್ ಇರುತ್ತದೆ, ಗಾಬರಿ ಬೇಡ. ನಿಜವಾದ ತೊಂದರೆ ಡಿಪಿಎಫ್‌ದು. ಹೊಗೆಯ ಮಸಿ ಹಿಡಿದಿಡುವ ಆ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಬೇಕಂದರೆ ಗಾಡಿ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಐದು ಮೈಲಿಗೆ ಆಫ್ ಮಾಡುತ್ತಾ ಇದ್ದರೆ ಅದು ಕಟ್ಟಿಕೊಳ್ಳುತ್ತದೆ. ಆಮೇಲೆ ಬರುವ ಬಿಲ್ ನೋಡಿದರೆ ಮೈಲೇಜ್ ಸುಖವೆಲ್ಲ ಇಳಿದುಹೋಗುತ್ತದೆ. ಊರೊಳಗೇ ಓಡಾಡುವವರಿಗೆ ಡೀಸೆಲ್ ಬೇಡವೇ ಬೇಡ.

ಹಾಗಂತ ಪೆಟ್ರೋಲ್ ಅಂದರೆ ತೊಂದರೆಯೇ ಇಲ್ಲ ಅಂತಲೂ ತಿಳಿಯಬೇಡಿ. 2021ರಿಂದ 2024ರ ಜಿಎಂ 6.2 ಲೀಟರ್ ವಿ8 ಇಂಜಿನ್‌ಗಳಿಗೆ 2025ರಲ್ಲಿ ರೀಕಾಲ್ (ದೋಷ ಸರಿಮಾಡಲು ಕಂಪನಿಯೇ ವಾಪಸ್ ಕರೆಯುವುದು) ಬಂತು, ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳು. ಇನ್ನು ಅಷ್ಟೇನೂ ಭಾರ ಎಳೆಯದವರು ಎಫ್-150 ಪವರ್‌ಬೂಸ್ಟ್ ಹೈಬ್ರಿಡ್ ಕೂಡ ಓಡಿಸಿ ನೋಡಿ. 430 ಹಾರ್ಸ್‌ಪವರ್, 570 ಪೌಂಡ್-ಅಡಿ ಇದೆ. ಊರೊಳಗೆ ಮೈಲೇಜ್ ಚೆನ್ನಾಗಿ ಕೊಡುತ್ತದೆ, ಟ್ರೈಲರ್ ಕಟ್ಟಿ ಹೆದ್ದಾರಿಗೆ ಹೋದರೆ ಮಾತ್ರ ಹೈಬ್ರಿಡ್‌ನ ಲಾಭ ಹೆಚ್ಚು ಕಾಣುವುದಿಲ್ಲ.

ಹಳೇ ಡೀಸೆಲ್ ತಗೊಳ್ಳುವವರು ಮೈಲಿಯ ಜೊತೆ ಇಂಜಿನ್ ಅವರ್ಸ್ (ಇಂಜಿನ್ ಒಟ್ಟು ಓಡಿದ ಗಂಟೆ) ನೋಡಿ, ಗಂಟೆಗಟ್ಟಲೆ ನಿಂತಲ್ಲೇ ಓಡಿದ ಗಾಡಿಯ ಮೈಲಿಮೀಟರ್ ಪೂರ್ತಿ ಸತ್ಯ ಹೇಳುವುದಿಲ್ಲ. ಸಿಪಿ4 ಅನ್ನೋ ಹೈ ಪ್ರೆಶರ್ ಪಂಪ್ ಇದೆಯಾ ಅಂತ ಕೇಳಿ. 2011ರಿಂದ 2016ರ ಡ್ಯುರಾಮ್ಯಾಕ್ಸ್‌ಗಳಲ್ಲಿ ಅದು ಇತ್ತು, ಕಮಿನ್ಸ್ ಇಂಜಿನ್ ಇರುವ 2019–20ರ ರಾಮ್ ಡೀಸೆಲ್‌ಗಳಲ್ಲೂ ಬಂದು ರೀಕಾಲ್ ಆಯಿತು. ಆ ಪಂಪ್ ಒಡೆದರೆ ಲೋಹದ ಚೂರುಗಳು ಇಂಜೆಕ್ಟರ್‌ವರೆಗೂ ಹೋಗುತ್ತವೆ, ಇಡೀ ಫ್ಯೂಯೆಲ್ ಸಿಸ್ಟಮ್ ಬದಲಿಸಬೇಕಾಗುತ್ತದೆ. 2013–2019ರ ರಾಮ್ ಡೀಸೆಲ್ ಆದರೆ ಎಮಿಷನ್ (ಹೊಗೆ ಮಾಲಿನ್ಯ) ರೀಕಾಲ್ ಕೆಲಸ ಆಗಿದೆಯಾ ಅಂತ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ನೋಡಿ, ಅದೇ ವಿಷಯಕ್ಕೆ ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಡಿಪಿಎಫ್ ಕಿತ್ತುಹಾಕಿದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಅದು ಕಾನೂನುಬಾಹಿರ, ಎಮಿಷನ್ ತಪಾಸಣೆ ಇರುವ ರಾಜ್ಯಗಳಲ್ಲಿ ಪಾಸ್ ಆಗುವುದೂ ಇಲ್ಲ, ವಾಪಸ್ ಸರಿಮಾಡಿಸುವ ಖರ್ಚು ಪೂರ್ತಿ ನಿಮ್ಮದೇ.