ಅರ್ಧ ಚೀಟಿ ಹರಿದುಕೊಳ್ಳದವನಿಗೆ ದುಡ್ಡು ಕೊಡಬೇಡಿ

ಆಂಕರೇಜ್‌ನಲ್ಲಿರುವ, ಅಥವಾ ಇಡಿಟರಾಡ್ ಅನ್ನುವ, ನಾಯಿಗಳು ಹಿಮಬಂಡಿ ಎಳೆಯುವ ಓಟ ನೋಡಲು ಅಲಾಸ್ಕಕ್ಕೆ ಬರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ಲಕ್ಕಿ ಡ್ರಾ ಚೀಟಿಯ ಮೋಸದಲ್ಲಿ ನಾನು 200 ಡಾಲರ್ ಕಳೆದುಕೊಂಡೆ. ಅದರಲ್ಲಿ 80 ನನ್ನದಲ್ಲ. ಜಾಸ್ತಿ ಉರಿಯುತ್ತಿರುವುದು ಅದಕ್ಕೇ.

ಮಾರ್ಚ್ ಮೊದಲ ಶನಿವಾರ ಇಲ್ಲಿನ ಫೋರ್ತ್ ಅವೆನ್ಯೂಗೆ ಲಾರಿಯಲ್ಲಿ ಹಿಮ ತಂದು ಸುರಿಯುತ್ತಾರೆ. ತೇರಿನ ಬೀದಿಯ ಹಾಗೆ ಎರಡೂ ಕಡೆ ಜನ. ನಾಯಿಗಳ ಗಲಾಟೆಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಅವತ್ತು ನಡೆಯುವುದು ಬರೀ ಮೆರವಣಿಗೆ. ಓಟ ಮುಗಿಯುವ ನೋಮ್ ಊರಿನವರೆಗಿನ ಸುಮಾರು 1,600 ಕಿಲೋಮೀಟರ್ ಓಟ ಶುರುವಾಗುವುದು ಆಮೇಲೆ, ಬೇರೆ ಊರಿಂದ.

ಆ ಗದ್ದಲದಲ್ಲಿ ಒಬ್ಬ ಸಿಕ್ಕ. ಜೊತೆಗೊಂದು ಹಸ್ಕಿ ಜಾತಿಯ ನಾಯಿ, ಕೈಯಲ್ಲಿ ಚೀಟಿಯ ಕಟ್ಟು. "ನಮ್ಮ ಕೆನಲ್‌ನ ಹುಡುಗಿ ಮೊದಲ ಸಲ ಓಡಿಸುತ್ತಿದ್ದಾಳೆ, ಖರ್ಚಿಗೆ ರಾಫಲ್ ಇಟ್ಟಿದ್ದೇವೆ" ಅಂದ. ಕೆನಲ್ ಅಂದರೆ ನಾಯಿ ಸಾಕುವ ಜಾಗ, ರಾಫಲ್ ಅಂದರೆ ನಮ್ಮ ಲಕ್ಕಿ ಡ್ರಾನೇ. ಚೀಟಿಗೆ 20 ಡಾಲರ್, ಮೊದಲ ಬಹುಮಾನ ಹಿಮದ ಮೇಲೆ ಓಡಿಸುವ ಮೋಟಾರು ಗಾಡಿ.

ಮಾತಾಡುತ್ತಲೇ ನನ್ನ ಮಗಳ ಕೈಗೆ ನಾಯಿಯ ಬೂಟಿ ಇಟ್ಟ. ನಾಯಿಯ ಪಾದಕ್ಕೆ ಹಾಕುವ ಬಟ್ಟೆಯ ಪುಟ್ಟ ಚೀಲ, ಮೇಲೆ ವೆಲ್ಕ್ರೋ ಪಟ್ಟಿ. "16 ನಾಯಿಗೆ ಒಂದು ಸಲಕ್ಕೆ 64 ಬೇಕು, ದಾರಿಯುದ್ದಕ್ಕೂ ಹರಿಯುತ್ತಲೇ ಇರುತ್ತವೆ" ಅಂದ. ಲೆಕ್ಕ ಸರಿಯಾಗಿಯೇ ಇತ್ತು. ಓಟದ ದಿನಗಳಲ್ಲಿ ಒಂದೊಂದು ನಾಯಿಗೂ ದಿನಕ್ಕೆ 10,000 ಕ್ಯಾಲೊರಿಯಷ್ಟು ತಿನ್ನಿಸಬೇಕು ಅನ್ನುವುದೂ ಸುಳ್ಳಲ್ಲ. ಪ್ರಾಮಾಣಿಕವಾಗಿ ದುಡ್ಡೆತ್ತುವ ಮಷರ್‌ಗಳು, ಅಂದರೆ ನಾಯಿಬಂಡಿ ಓಡಿಸುವವರು, ಇಲ್ಲಿ ಬೇಕಾದಷ್ಟಿದ್ದಾರೆ. ಅವನು ಬಂಡವಾಳ ಮಾಡಿಕೊಂಡಿದ್ದೇ ಅವರ ಹೆಸರನ್ನು.

ಇಬ್ಬರು ಗೆಳೆಯರಿಗೆ ಫೋಟೋ ಕಳಿಸಿದೆ. "ನಮಗೂ ಎರಡೆರಡು ತಗೋ ಮಾರಾಯ" ಅಂದರು. ಒಟ್ಟು ಹತ್ತು ಚೀಟಿ. ದುಡ್ಡು ಫೋನಿನಲ್ಲೇ ಕಳಿಸಿದೆ. ಟ್ಯಾಕ್ಸ್ ಕಟ್ಟುವಾಗ ದಾನ ಅಂತ ತೋರಿಸಬಹುದು ಅಂತಲೂ ಸೇರಿಸಿದ. ಅಲ್ಲೇ ಎಚ್ಚರಾಗಬೇಕಿತ್ತು. ಅಮೆರಿಕದಲ್ಲಿ ರಾಫಲ್ ಚೀಟಿಯ ದುಡ್ಡು ದಾನದ ಲೆಕ್ಕಕ್ಕೆ ಬರುವುದೇ ಇಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಒಳ್ಳೇದಾಯ್ತು ಅಂದವನು ನಾನು. ಇಲ್ಲಿ ಹಸ್ಕಿ ಬಾಲ ಅಲ್ಲಾಡಿಸಿದ್ದೇ ತಡ, ಬುದ್ಧಿ ಕೈಕೊಟ್ಟಿತು.

ನೋಮ್‌ನಲ್ಲಿ ಕೊನೆಯ ಮಷರ್ ಬರುವ ತನಕ ಒಂದು ಲಾಟೀನು ಉರಿಯುತ್ತಿರುತ್ತದೆ. ಅದನ್ನು ಆರಿಸಿದ ರಾತ್ರಿಯೇ ಡ್ರಾ ಅಂದಿದ್ದ. ಲಾಟೀನು ಆರಿತು. ಒಂದು ವಾರ ಸುಮ್ನೆ ಕಾದೆ. ಅವನು ಕೊಟ್ಟ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಅವನು ಹೇಳಿದ ಕೆನಲ್‌ಗೆ ಮೇಲ್ ಹಾಕಿದೆ. ಎರಡೇ ಸಾಲಿನ ಉತ್ತರ: ನಾವು ಈ ವರ್ಷ ರಾಫಲ್ ಇಟ್ಟಿಲ್ಲ, ನೀವು ಹೇಳುವ ಹುಡುಗಿ ಯಾರೋ ಗೊತ್ತಿಲ್ಲ.

ಆಗ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ. ನಡುವೆ ತೂತಿನ ಗೆರೆ, ಎರಡೂ ಕಡೆ ಒಂದೇ ನಂಬರ್. ಹೆಸರು, ಫೋನ್ ಬರೆದು ಅವನು ಹರಿದು ಇಟ್ಟುಕೊಳ್ಳಬೇಕಾಗಿದ್ದ ಅರ್ಧವೂ ನನ್ನ ಹತ್ತಿರವೇ ಇದೆ, ಖಾಲಿ! ಡ್ರಮ್ಮಿಗೆ ಹಾಕಲು ಅವನ ಬಳಿ ಏನಿತ್ತು ಹೇಳಿ? ಹತ್ತು ಚೀಟಿ ಎಣಿಸಿ ತೆಗೆದುಕೊಂಡವನಿಗೆ ಇಷ್ಟು ಹೊಳೆಯಲಿಲ್ಲ.

ಅಲಾಸ್ಕದಲ್ಲಿ ರಾಫಲ್ ನಡೆಸಲು ರಾಜ್ಯದ ಕಂದಾಯ ಇಲಾಖೆಯ ಪರ್ಮಿಟ್ ಬೇಕು. ಅದನ್ನು ಸಿಕ್ಕಸಿಕ್ಕವರಿಗೆ ಕೊಡುವುದಿಲ್ಲ. ಚೀಟಿಯ ಮೇಲೆ ಪರ್ಮಿಟ್ ನಂಬರ್ ಹುಡುಕಿ, ಇಲ್ಲದಿದ್ದರೆ ಮುಂದೆ ನಡೆಯಿರಿ. ಓಟಕ್ಕೆ ಹೆಸರು ಕೊಟ್ಟ ಮಷರ್‌ಗಳ ಪಟ್ಟಿಯೂ ಎಲ್ಲರಿಗೂ ಸಿಗುತ್ತದೆ. ಫೋನ್ ಕೈಯಲ್ಲೇ ಇತ್ತು, ಆದರೆ ನಾನು ಅದರಲ್ಲಿ ನೋಡಿದ್ದು ದುಡ್ಡು ಕಳಿಸುವ ಜಾಗ ಮಾತ್ರ.

ಬ್ಯಾಂಕಿನವರು, ನೀವೇ ಕಳಿಸಿದ್ದಲ್ವಾ ಅಂದರು. ದೂರು ಕೊಟ್ಟಿದ್ದೇನೆ. ಗೆಳೆಯರಿಗೆ 80 ಡಾಲರ್ ವಾಪಸ್ ಕೊಟ್ಟೆ; ಒಬ್ಬ ಬೇಡ ಅಂದ, ಬಲವಂತ ಮಾಡಿದೆ.

ಚೀಟಿ ನೀಲಿ ಬಣ್ಣದ್ದು, ಮೂಲೆಯಲ್ಲಿ ಕೆಂಪು ನಾಯಿ ಹೆಜ್ಜೆ. ಮುಂದಿನ ಮಾರ್ಚ್‌ನಲ್ಲಿ ಎಲ್ಲಾದರೂ ಕಂಡರೆ ಕೊಳ್ಳುವ ಮೊದಲು ನನಗೊಂದು ಮಾತು ತಿಳಿಸಿ.